ತುಮಕೂರು ಸೀಮೆಯ ಮಾಧ್ಯಮಿಕ ಶಾಲೆಗಳೂ ವಿದ್ಯಾರ್ಥಿಗಳ ಅನ್ನವಸತಿಗಳೂ

ಹಳೆಯ ಮೈಸೂರು ಸಂಸ್ಥಾನದ ವಿದ್ಯಾಕ್ರಮದಲ್ಲಿ ಪ್ರೈಮರಿ ಶಾಲೆಗೂ ಹೈಸ್ಕೂಲಿಗೂ ನಡುವೆ ನಾಲ್ಕು ವರ್ಷಗಳ ಒಂದು ಮೆಟ್ಟಿಲಿತ್ತು. ಇಲಾಖೆಯ ಕಾಗದಪತ್ರಗಳಲ್ಲಿ ಇದಕ್ಕೆ ಮಿಡ್ಲ್ ಸ್ಕೂಲೆಂದು ಹೆಸರು. ಕನ್ನಡದಲ್ಲಿ ಮಾಧ್ಯಮಿಕ ಶಾಲೆಯೆಂದು ವ್ಯವಹಾರ. ಕನ್ನಡದೊಡನೆ ಇಂಗ್ಲಿಷನ್ನೂ ಕಲಿಸುವ ಶಾಲೆಯಾದರೆ ಆಂಗ್ಲೋ ವರ್ನಾಕ್ಯುಲರ್ ಶಾಲೆ, ಸಂಕ್ಷೇಪವಾಗಿ ಎ. ವಿ. ಸ್ಕೂಲು. ಈ ಮೆಟ್ಟಿಲಿನ ಕೊನೆಯಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಯೆಂಬ ಹೊಸ್ತಿಲು. ೧೯೫೬ರ ಏಕೀಕರಣದ ತರುವಾಯ ವಿದ್ಯಾಕ್ರಮವು ಮಾರ್ಪಟ್ಟು, ಈ ನಾಲ್ಕು ತರಗತಿಗಳು ಹಿರಿಯ ಪ್ರಾಥಮಿಕ ಶಾಲೆಗೂ ಪ್ರೌಢಶಾಲೆಗೂ ಹಂಚಿಹೋದುವು. ಹೆಸರು ಮಾತ್ರ ಹಳೆಯ ಕಟ್ಟಡಗಳ ನೆತ್ತಿಯ ಮೇಲೂ ವೃದ್ಧರ ಬಾಯಲ್ಲಿಯೂ ಉಳಿದುಕೊಂಡಿತು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮಾಧ್ಯಮಿಕವೆಂದರೆ ನಾಗಾರ್ಜುನನ ಶೂನ್ಯವಾದವು. ಶಾಲೆಗೆ ಈ ನಾಮಕರಣ ಮಾಡಿದವರು ಅದನ್ನು ನೆನೆದಿರಲಾರರು. ಆದರೂ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಮೇಲೆ ವಿಶ್ವವಿದ್ಯಾನಿಲಯವನ್ನು ನೋಡಿ, ಕೆಳಗೆ ಪ್ರಾಥಮಿಕ ಶಾಲೆಯನ್ನು ನೋಡಿ, ನಡುವಣದನ್ನು ಬಹುಮಟ್ಟಿಗೆ ಶೂನ್ಯವೆಂದೇ ಭಾವಿಸಿದ್ದಾರೆ.

ಈ ಉಪೇಕ್ಷೆಯು ಸರಿಯಲ್ಲ. ಒಕ್ಕಲಿನ ಮನೆಯ ಹುಡುಗನೊಬ್ಬನು ಓದನ್ನು ಮುಂದುವರಿಸುವನೋ ನೇಗಿಲಿಗೆ ಹಿಂದಿರುಗುವನೋ ಎಂಬುದು ನಿಶ್ಚಯವಾಗುತ್ತಿದ್ದುದು ಈ ನಾಲ್ಕು ವರ್ಷಗಳಲ್ಲಿಯೇ. ಅದನ್ನು ನಿಶ್ಚಯಿಸಿದುದು ಬುದ್ಧಿಯಾಗಲಿ ಪರೀಕ್ಷೆಯಾಗಲಿ ಅಷ್ಟಾಗಿ ಅಲ್ಲ. ಶಾಲೆಯಿರುವ ಊರಿನಲ್ಲಿ ಅವನು ಎಲ್ಲಿ ಉಣ್ಣುವನು, ಎಲ್ಲಿ ಮಲಗುವನು ಎಂಬುದು. ತುಮಕೂರು, ಗುಬ್ಬಿ, ಕುಣಿಗಲುಗಳ ಸೀಮೆಯಲ್ಲಿ ಈ ಅಂಶವು ಬೇರೆಡೆಗಳಿಗಿಂತ ಸ್ಫುಟವಾಗಿ ಕಾಣುತ್ತದೆ. ಆದಕಾರಣ ಮಾಧ್ಯಮಿಕ ಶಾಲೆಯ ಚರಿತ್ರೆಯನ್ನು ವಿದ್ಯಾರ್ಥಿಯ ಅನ್ನವಸತಿಗಳ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದೆಂಬುದೇ ಈ ಲೇಖನದ ಅಭಿಪ್ರಾಯ.

ಈ ಸೀಮೆಯು ವಿದ್ಯೆಗೆ ಹೊಸದಾದುದಲ್ಲ. ೧೫೧೩ರಲ್ಲಿ ‘ಭಾವಚಿಂತಾರತ್ನ’ವನ್ನೂ ಅನಂತರ ‘ವೀರಶೈವಾಮೃತಪುರಾಣ’ವನ್ನೂ ರಚಿಸಿದ ಮಲ್ಲಣಾರ್ಯನಿಗೆ ಗುಬ್ಬಿಯೇ ಮನೆಹೆಸರಾಯಿತು. ಕುಣಿಗಲು ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ನೆಲೆ; ಅವರ ಶಿಷ್ಯಪರಂಪರೆಯು ವಚನವಾಙ್ಮಯವನ್ನು ಸಂಗ್ರಹಿಸಿ, ವ್ಯಾಖ್ಯಾನಿಸಿ, ಉಳಿಸಿತು. ತುಮಕೂರಿಗೆ ಸಮೀಪದ ಗೂಳೂರಿನ ಸಿದ್ಧವೀರಣಾರ್ಯನು ‘ಶೂನ್ಯಸಂಪಾದನೆ’ಯ ಸಂಪಾದಕರಲ್ಲಿ ಒಬ್ಬನು. ಸಂಸ್ಕೃತದ ಕಡೆಗೆ ತಿರುಗಿದರೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು ನ್ಯಾಯಶಾಸ್ತ್ರದಲ್ಲಿ ‘ಶತಕೋಟಿ’ಯನ್ನು ಬರೆದು ಪ್ರಖ್ಯಾತರಾದ ರಾಮಶಾಸ್ತ್ರಿಗಳು ಕುಣಿಗಲಿನ ಹೆಸರನ್ನು ಹೊತ್ತವರು. ಅವರ ಪುತ್ರರೇ ಶೃಂಗೇರಿ ಪೀಠವನ್ನು ಅಲಂಕರಿಸಿದ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. ಹೀಗಿರಲಾಗಿ, ಇಂಗ್ಲಿಷರು ಬಂದು ಶಾಲೆ ತೆರೆಯುವವರೆಗೆ ಇಲ್ಲಿ ಅಂಧಕಾರವಿತ್ತೆಂದು ಹೇಳುವವರ ಮಾತಿಗೆ ಬೆಲೆಯಿಲ್ಲ. ಆದರೆ ಆ ಬೆಳಕು ಎಷ್ಟು ಮನೆಗಳಿಗೆ ತಲುಪುತ್ತಿತ್ತೆಂಬುದು ಬೇರೆ ಪ್ರಶ್ನೆ. ಅದನ್ನು ಕೇಳದಿರುವುದೂ ನ್ಯಾಯವಲ್ಲ.

ಹಿಂದಿನ ಕಾಲದ ವಿದ್ಯಾರ್ಥಿಯು ಹೇಗೆ ಬದುಕಿದನು? ಗುರುವಿನ ಮನೆಯಲ್ಲಿಯೋ ಮಠದಲ್ಲಿಯೋ ಇದ್ದನು. ಇಲ್ಲವೆ ವಾರಾನ್ನದಿಂದ ಜೀವಿಸಿದನು. ವಾರಾನ್ನದ ಪದ್ಧತಿಯನ್ನು ಇಂದಿನ ತರುಣರಿಗೆ ಬಿಡಿಸಿ ಹೇಳಬೇಕಾಗಿದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯಲ್ಲಿ ಉಂಡು, ಉಳಿದ ಹೊತ್ತು ಪಾಠವನ್ನು ಒಪ್ಪಿಸುವುದು. ಮನೆಯ ಯಜಮಾನಿತಿ ಊರಿಗೆ ಹೋದರೆ ಹುಡುಗನಿಗೆ ಅಂದು ಉಪವಾಸ. ಮನೆಯಲ್ಲಿ ಸೂತಕ ಬಂದರೆ ಹತ್ತು ದಿನಗಳಲ್ಲಿ ಬೀಳುವ ಆ ವಾರವು ಹೋಯಿತು. ಇಷ್ಟು ಕಷ್ಟಗಳಿದ್ದರೂ ಈ ಪದ್ಧತಿಯಲ್ಲಿ ಒಂದು ತತ್ತ್ವವಿತ್ತು: ಕಲಿಯಲು ಬಂದ ಪರಸ್ಥಳದ ಹುಡುಗನಿಗೆ ಅನ್ನವಿಕ್ಕುವುದು ಊರಿನ ಹೊಣೆ. ಇದರ ದೋಷವೂ ಅಷ್ಟೇ ಸ್ಪಷ್ಟ. ಈ ಹೊಣೆಯು ಪಂಕ್ತಿಗೆ ಸೇರಿದವರ ಪಾಲಿಗೆ ಮಾತ್ರ. ಬ್ರಾಹ್ಮಣ ವಟುವಿಗೆ ಬ್ರಾಹ್ಮಣರ ಮನೆ, ಜಂಗಮವಟುವಿಗೆ ಭಕ್ತರ ಮನೆ; ಕುರುಬರ, ಬೆಸ್ತರ, ಹೊಲೆಯ ಮಾದಿಗರ ಮಕ್ಕಳಿಗೆ ಅಂಥ ಬಾಗಿಲು ತೆರೆದಿರಲಿಲ್ಲ. ನಮ್ಮ ಪಾಠಶಾಲೆಗಳ ಗುಣವನ್ನು ಎತ್ತಿ ಹೇಳುವವರು ಇದನ್ನು ಮರೆಮಾಚತಕ್ಕದ್ದಲ್ಲ.

ಪಾಠಶಾಲೆಗಿಂತ ಕೆಳಗಿನದು ಕೂಲಿಮಠ. ಅಯ್ಯನವರಿಗೆ ದವಸವೂ ಪುಡಿಕಾಸೂ ಸಂಬಳ. ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಕಡತದ ಮೇಲೆ ಬಳಪದಿಂದ ಬರೆದು, ಕಾಲು ಅರೆ ಮುಕ್ಕಾಲುಗಳ ಮಗ್ಗಿಯನ್ನು ಕಂಠಪಾಠ ಮಾಡಿ, ಕೈಲಾದವರು ಅಮರಕೋಶವನ್ನೂ ಜೈಮಿನಿ ಭಾರತವನ್ನೂ ಹಿಡಿಯುತ್ತಿದ್ದರು. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ ತಂದ ಹಣವು ಅಯ್ಯನವರ ವರುಷದ ಆಸೆ. ಕೋದಂಡವೇ ಮುಂತಾದ ಶಿಕ್ಷೆಗಳ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನಾನು ಗಮನಿಸುವುದು ಬೇರೊಂದನ್ನು: ಕೂಲಿಮಠವು ಊರೊಳಗಿನದಾದುದರಿಂದ ಹುಡುಗನು ಉಣ್ಣಲು ತನ್ನ ಮನೆಗೇ ಹೋಗುತ್ತಿದ್ದನು. ಅನ್ನದ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಅದು ಎದ್ದುದು ಶಾಲೆಯು ಊರನ್ನು ಬಿಟ್ಟು ಹೋಬಳಿಗೂ ತಾಲ್ಲೂಕಿಗೂ ಸರಿದಾಗ.

ಹೊಸ ರೀತಿಯ ವಿದ್ಯೆಯು ಈ ಸೀಮೆಗೆ ಮೊದಲು ಕಾಲಿಟ್ಟುದು ಮಿಷನರಿಗಳ ಮೂಲಕ. ೧೮೩೭ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ಠಾಣ್ಯವನ್ನು ಹೂಡಿದರು. ಅಲ್ಲಿ ಕೆಲಕಾಲವಿದ್ದ ವಿಲಿಯಂ ಆರ್ಥರ್ ಎಂಬ ಪಾದರಿಯು ಸ್ವದೇಶಕ್ಕೆ ಹಿಂದಿರುಗಿದ ಮೇಲೆ ೧೮೪೭ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೈಸೂರು ಸೀಮೆಯ ಜನಜೀವನವನ್ನು ವರ್ಣಿಸಿದ್ದಾನೆ. ಮತಪ್ರಚಾರದ ದೃಷ್ಟಿಯಿಂದ ಬರೆದುದಾದರೂ ಚರಿತ್ರಕಾರನಿಗೆ ಉಪೇಕ್ಷಣೀಯವಲ್ಲ. ಅದೇ ಮಿಷನ್ನಿನ ಗ್ಯಾರೆಟ್ ಸಾಹೇಬನು ಬೆಂಗಳೂರಿನ ಮುದ್ರಾಲಯದಲ್ಲಿ ೧೮೪೯ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಒಟ್ಟಿಗೆ ಅಚ್ಚುಹಾಕಿಸಿ, ಮುಂದೆ ಮೈಸೂರು ಸರ್ಕಾರದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯೂ ಆದನು. ಪಾದರಿಯೊಬ್ಬನು ಗೀತೆಯನ್ನು ಅಚ್ಚುಮಾಡಿದುದು ಆಶ್ಚರ್ಯವಾಗಿ ತೋರಬಹುದು. ಅಂದಿನ ಕನ್ನಡ ಮುದ್ರಣದ ಚರಿತ್ರೆಯಲ್ಲಿ ಇಂಥ ಆಶ್ಚರ್ಯಗಳು ಹಲವು.

೧೮೫೪ರ ವುಡ್ ಸಾಹೇಬನ ರಾಜಾಜ್ಞಾಪತ್ರವನ್ನು ಅನುಸರಿಸಿ ೧೮೫೭ರಲ್ಲಿ ಮೈಸೂರಿನಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು. ಆದರೆ ಅದರ ಕೈ ಹಳ್ಳಿಗಳಿಗೆ ಚಾಚಿದುದು ೧೮೬೮ರಲ್ಲಿ, ಬಿ. ಎಲ್. ರೈಸ್ ಸಾಹೇಬರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ. ಈ ಯೋಜನೆಯ ವಿಶೇಷವೇನೆಂದರೆ, ಹೊಸ ಉಪಾಧ್ಯಾಯರನ್ನು ಎಲ್ಲಿಂದಲೋ ತರುವ ಬದಲು, ಊರಿನಲ್ಲಿ ಆಗಲೇ ಮಠ ನಡೆಸುತ್ತಿದ್ದವರನ್ನೂ ಜನರಿಗೆ ಒಪ್ಪಿಗೆಯಾದವರನ್ನೂ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಣ ಕೊಟ್ಟು, ಅದೇ ಸ್ಥಳಕ್ಕೆ ಕಳುಹಿಸುವುದು. ಕೂಲಿಮಠದ ಅಯ್ಯನವರು ಹೀಗೆ ಸರ್ಕಾರಿ ಮೇಷ್ಟ್ರಾದರು. ಹಳೆಯದನ್ನು ಕಿತ್ತು ಹೊಸದನ್ನು ನೆಟ್ಟರೆಂಬ ಸಾಮಾನ್ಯ ಗ್ರಹಿಕೆಯು ಈ ಒಂದು ಅಂಶದಿಂದಲೇ ತಿದ್ದುಪಡಿಗೆ ಗುರಿಯಾಗುತ್ತದೆ.

ಇಲ್ಲಿ ಪ್ರಸಂಗವಶಾತ್ ಒಂದು ಮಾತು. ಶಾಲೆಗಳನ್ನು ನೋಡಲೆಂದು ಊರೂರು ಸುತ್ತಿದ ರೈಸ್ ಸಾಹೇಬರ ಕಣ್ಣಿಗೆ ದೇವಾಲಯದ ಗೋಡೆಯ ಮೇಲಿನ, ಕೆರೆಯ ಏರಿಯ ಮೇಲಿನ ಶಾಸನಗಳು ಬಿದ್ದುವು. ಮುಂದೆ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳು ಪ್ರಕಟವಾದುವು. ಇಂದು ನಮ್ಮ ಪತ್ರಿಕೆಗಳಲ್ಲಿ ಗುಬ್ಬಿಯ ಇಷ್ಟನೆಯ ಶಾಸನ, ಕುಣಿಗಲಿನ ಇಷ್ಟನೆಯ ಶಾಸನ ಎಂದು ಸಂಖ್ಯೆಯಿಟ್ಟು ಉದಾಹರಿಸುವ ವಿದ್ವಾಂಸರು, ಆ ಸಂಖ್ಯೆಗಳಿಗೆ ಮೂಲವು ಹಳ್ಳಿಯ ಶಾಲೆಯ ತಪಾಸಣೆಯ ತಿರುಗಾಟವೆಂಬುದನ್ನು ಒಮ್ಮೆಯಾದರೂ ಸ್ಮರಿಸಬಹುದು.

ಹೋಬಳಿಯ ಶಾಲೆಯ ಮೇಲೆ ತಾಲ್ಲೂಕಿನ ಶಾಲೆ, ಅದರ ಮೇಲೆ ಜಿಲ್ಲೆಯ ಶಾಲೆ, ಹೀಗೆ ಏಣಿಯು ಸಿದ್ಧವಾಯಿತು. ಕ್ರಮೇಣ ತಾಲ್ಲೂಕಿನ ಶಾಲೆಯೇ ಮಿಡ್ಲ್ ಸ್ಕೂಲಿನ ರೂಪವನ್ನು ತಳೆಯಿತು. ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಬಂದಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಏಣಿಯ ಕೆಳಗಿನ ತುದಿಯೂ ಮೇಲಿನ ತುದಿಯೂ ಸರ್. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿಯೇ ಭದ್ರವಾದುವು. ನಡುವಣ ಮೆಟ್ಟಿಲುಗಳ ನಡುವೆ ಮಾತ್ರ ಅಂತರ ಹೆಚ್ಚಾಗಿತ್ತು. ಅದು ಅಂಕಿ ಅಂಶಗಳಲ್ಲಿ ಕಾಣುವ ಅಂತರವಲ್ಲ, ನೆಲದ ಮೇಲಿನ ಅಂತರ. ಇಲಾಖೆಯ ವಾರ್ಷಿಕ ವರದಿಗಳು ಇಷ್ಟು ಶಾಲೆ, ಇಷ್ಟು ಮಕ್ಕಳು ಎಂದು ಎಣಿಸುತ್ತಿದ್ದುವು. ಆ ಮಕ್ಕಳು ಎಷ್ಟು ಮೈಲಿ ನಡೆದು ಬಂದರೆಂಬುದನ್ನು ಎಣಿಸುವ ಪದ್ಧತಿಯಿರಲಿಲ್ಲ.

ನಮ್ಮ ಮೂರು ಊರುಗಳನ್ನೇ ನೋಡೋಣ. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲು ದಾರಿಯು ೧೮೮೦ರ ದಶಕದಲ್ಲಿಯೇ ತುಮಕೂರನ್ನೂ ಗುಬ್ಬಿಯನ್ನೂ ಸೇರಿಸಿತು. ಗುಬ್ಬಿಯು ಅಡಕೆ ಕೊಬ್ಬರಿಗಳ ಸಂತೆಯ ಊರಾದುದರಿಂದ ವರ್ತಕರ ಸಂಚಾರ ಮೊದಲೇ ಇತ್ತು. ರೈಲು ಬಂದ ಮೇಲೆ ಗುಬ್ಬಿಯ ಹುಡುಗನಿಗೆ ಜಿಲ್ಲೆಯ ಹೈಸ್ಕೂಲು ಕೈಗೆ ನಿಲುಕುವಷ್ಟು ಹತ್ತಿರವಾಯಿತು. ಕುಣಿಗಲಿನ ಪರಿಸ್ಥಿತಿ ಬೇರೆ. ದೊಡ್ಡ ಕೆರೆಯೂ ಕುದುರೆ ಬೆಳೆಸುವ ಫಾರಮ್ಮೂ ಇದ್ದ ಆ ಊರು ರೈಲನ್ನು ಕಂಡುದು ೨೦೧೭ರಲ್ಲಿ, ಬೆಂಗಳೂರು ಹಾಸನಗಳ ಹೊಸ ದಾರಿ ತೆರೆದಾಗ. ನೂರಮೂವತ್ತು ವರ್ಷಗಳ ಈ ಅಂತರವನ್ನು ಕುಣಿಗಲಿನ ಮಕ್ಕಳು ಕಾಲ್ನಡಿಗೆಯಿಂದಲೂ ಗಾಡಿಯಿಂದಲೂ ಆಮೇಲೆ ಬಸ್ಸಿನಿಂದಲೂ ತುಂಬಿಕೊಂಡರು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ವಿದ್ಯಾಭ್ಯಾಸವನ್ನು ತೂಗುವವರು ತಕ್ಕಡಿಯಲ್ಲಿ ಇದನ್ನೂ ಇಡಬೇಕು.

ಇನ್ನು ಮಾಧ್ಯಮಿಕ ಶಾಲೆಯೊಳಗೆ ನಡೆದ ಪಾಠವೇನು? ಇಂಗ್ಲಿಷಿನ ಪ್ರವೇಶವೇ ಅದರ ಆಕರ್ಷಣೆಯೆಂಬುದು ನಿಜ. ತಂದೆತಾಯಿಗಳು ಮಗನನ್ನು ದೂರ ಕಳುಹಿಸುತ್ತಿದ್ದುದು ಅದಕ್ಕಾಗಿಯೇ. ಆದರೆ ಸಾಹಿತ್ಯದ ಉಪಾಧ್ಯಾಯರು ಇನ್ನೊಂದು ಫಲವನ್ನು ಪರಿಶೀಲಿಸಬೇಕು. ಕೂಲಿಮಠದಲ್ಲಿ ಕನ್ನಡವೆಂದರೆ ಪದ್ಯ. ಗದ್ಯವನ್ನು ಓದಿ, ಅದರ ವಾಕ್ಯವನ್ನು ಬಿಡಿಸಿ, ತಾನೇ ಒಂದು ಪ್ರಬಂಧವನ್ನು ರಚಿಸುವ ಅಭ್ಯಾಸವು ಬೆಳೆದುದು ಮಾಧ್ಯಮಿಕ ಶಾಲೆಯಲ್ಲಿ. ವ್ಯಾಕರಣವು ಸೂತ್ರವನ್ನು ಉರುಹೊಡೆಯುವ ವಿದ್ಯೆಯಾಗಿದ್ದುದು ವಾಕ್ಯವನ್ನು ತಿದ್ದುವ ವಿದ್ಯೆಯಾಯಿತು. ಶಾಲೆಗಳಲ್ಲಿ ಬಹುಕಾಲ ನಡೆದ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು ಈ ಜಿಲ್ಲೆಯವರೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಜನಿಸಿದರು. ಕನ್ನಡಕ್ಕೆ ಹೊಸ ದಾರಿಯನ್ನು ತೋರಿದ ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಮಾತಾಮಹರ ಮನೆಯಲ್ಲಿ. ಅವರ ಕೀರ್ತಿಯನ್ನು ಈ ಜಿಲ್ಲೆಯ ಶಾಲೆಗಳ ಲೆಕ್ಕಕ್ಕೆ ಬರೆಯುವುದು ಯುಕ್ತವಲ್ಲ; ಅವರು ಓದಿದುದು ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ. ಶಾಲೆಯ ಸಾಧನೆಯನ್ನು ಹೇಳುವಾಗ ಊರಿನಲ್ಲಿ ಹುಟ್ಟಿದ ದೊಡ್ಡವರ ಪಟ್ಟಿಯನ್ನು ಕೊಡುವ ವಾಡಿಕೆಯಿದೆ. ಅದರಲ್ಲಿ ಶಾಲೆಯ ಪಾಲು ಎಷ್ಟೆಂದು ವಿಚಾರಿಸುವವರು ಕಡಮೆ.

ನಿಜವಾದ ಸಾಧನೆಯು ಇಷ್ಟು ಹೊಳಪಿನದಲ್ಲ. ಕನ್ನಡ ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಪ್ರೈಮರಿ ಶಾಲೆಯ ಉಪಾಧ್ಯಾಯನಾಗಬಹುದಾಗಿತ್ತು. ಎಂದರೆ ಹಳ್ಳಿಯ ಶಾಲೆಗೆ ಬೇಕಾದ ಮೇಷ್ಟ್ರುಗಳನ್ನು ಹೆತ್ತುಕೊಟ್ಟುದು ಮಾಧ್ಯಮಿಕ ಶಾಲೆ. ಒಂದು ತಾಲ್ಲೂಕಿನಲ್ಲಿ ಅಂಥ ಶಾಲೆಯೊಂದು ಚೆನ್ನಾಗಿ ನಡೆದರೆ ಸುತ್ತಣ ಹತ್ತಾರು ಊರುಗಳ ಓದು ಬರಹ ಅದರಿಂದ ನಡೆಯುತ್ತಿತ್ತು. ಆ ಮೇಷ್ಟ್ರುಗಳೇ ಊರಿನ ಪತ್ರಗಳನ್ನು ಓದಿದರು, ಅರ್ಜಿಗಳನ್ನು ಬರೆದರು, ಸಂಜೆಯ ಹೊತ್ತು ಗುಡಿಯ ಜಗಲಿಯ ಮೇಲೆ ಗದುಗಿನ ಭಾರತವನ್ನೋ ಜೈಮಿನಿಯನ್ನೋ ವಾಚಿಸಿದರು. ವಿಶ್ವವಿದ್ಯಾನಿಲಯದ ಪದವೀಧರರಿಂದ ಈ ಕೆಲಸ ಆಗಲಿಲ್ಲ. ಅವರು ಊರಿಗೆ ಹಿಂದಿರುಗಲಿಲ್ಲ.

ಎ. ವಿ. ಸ್ಕೂಲು ತಾಲ್ಲೂಕಿನ ಪಟ್ಟಣವನ್ನು ಬಿಟ್ಟು ಹಳ್ಳಿಗೆ ಹೋದುದಕ್ಕೆ ತುಮಕೂರು ತಾಲ್ಲೂಕಿನ ನಾಗವಲ್ಲಿಯ ಗ್ರಾಮಾಂತರ ಶಾಲೆಯು ಉತ್ತಮ ನಿದರ್ಶನ. ಈ ಶಾಲೆಯನ್ನು ನಾಡಿಗೆಲ್ಲ ತಿಳಿಯುವಂತೆ ಮಾಡಿದ ವಿದ್ಯಾರ್ಥಿ ಮಾಗಡಿ ತಾಲ್ಲೂಕಿನ ವೀರಾಪುರದವನು. ಹೊನ್ನೇಗೌಡ, ಗಂಗಮ್ಮ ಎಂಬ ಒಕ್ಕಲುದಂಪತಿಗಳಿಗೆ ೧೯೦೭ರ ಏಪ್ರಿಲ್ ೧ರಂದು ಹುಟ್ಟಿದ, ಹದಿಮೂರು ಮಕ್ಕಳಲ್ಲಿ ಕಿರಿಯವನಾದ, ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಶಿವಣ್ಣನೆಂಬ ಹುಡುಗ. ನಾಗವಲ್ಲಿಯಲ್ಲಿ ಓದಿ, ೧೯೨೬ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಸಿದ್ಧಗಂಗೆಯ ಮಠದಲ್ಲಿ ಕೆಲಕಾಲ ನಿವಾಸಿ ವಿದ್ಯಾರ್ಥಿಯಾಗಿದ್ದು, ೧೯೨೭ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದನು. ೧೯೩೦ರ ಮಾರ್ಚಿಯ ೩ರಂದು ಸನ್ನ್ಯಾಸವನ್ನು ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳೆಂದು ಹೆಸರಾದುದನ್ನೂ, ೨೦೧೯ರ ಜನವರಿ ೨೧ರಂದು ನೂರಹನ್ನೊಂದು ವರ್ಷಗಳ ಬಾಳನ್ನು ಮುಗಿಸಿದುದನ್ನೂ ವಾಚಕರು ಬಲ್ಲರು. ಅವರ ಮಹಿಮೆಯನ್ನು ವರ್ಣಿಸುವುದು ಇಲ್ಲಿಯ ಉದ್ದೇಶವಲ್ಲ. ಕಾಲೇಜಿನ ಬಾಗಿಲಿನವರೆಗಿನ ಅವರ ದಾರಿಯನ್ನಷ್ಟೆ ಗಮನಿಸಬೇಕು. ವೀರಾಪುರದ ಹುಡುಗನಿಗೆ ನಾಗವಲ್ಲಿ ಸ್ವಂತ ಊರಲ್ಲ, ತುಮಕೂರೂ ಅಲ್ಲ, ಬೆಂಗಳೂರೂ ಅಲ್ಲ. ಮೆಟ್ಟಿಲು ಮೆಟ್ಟಿಲಿಗೂ ಊರು ಬದಲಾಗುತ್ತ ಹೋಯಿತು. ಪ್ರತಿ ಊರಿನಲ್ಲಿಯೂ ಅನ್ನವಸತಿಗಳ ಪ್ರಶ್ನೆ ಹೊಸದಾಗಿ ಎದ್ದಿತು. ಈ ಸೀಮೆಯ ಓದುವ ಮಕ್ಕಳೆಲ್ಲರ ದಾರಿಯೂ ಅದೇ ಆಗಿತ್ತು. ಶಾಲೆಯ ಊರಿನಲ್ಲಿ ನೆಂಟರಿದ್ದವರು ಮುಂದುವರಿದರು. ಇಲ್ಲದವರಲ್ಲಿ ಬಹುಮಂದಿ ನಿಂತರು.

ಸರ್ಕಾರವು ಶಾಲೆಯನ್ನು ಕಟ್ಟಿತು, ಮೇಷ್ಟ್ರಿಗೆ ಸಂಬಳ ಕೊಟ್ಟಿತು, ಕೆಲವರಿಗೆ ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಊಟವನ್ನು ತನ್ನ ಕರ್ತವ್ಯವೆಂದು ಭಾವಿಸಲಿಲ್ಲ. ಇಂಗ್ಲೆಂಡಿನಲ್ಲಿಯೇ ಶಾಲೆಯ ಮಕ್ಕಳಿಗೆ ಊಟವಿಕ್ಕಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಶಾಸನವು ೧೯೦೬ರಲ್ಲಿ ಬಂದುದು. ಆದುದರಿಂದ ಮೈಸೂರಿನವರನ್ನು ಮಾತ್ರ ದೂಷಿಸಲಾಗದು. ಸಮುದಾಯಗಳು ತಮ್ಮ ತಮ್ಮವರ ಮಕ್ಕಳಿಗಾಗಿ ಎಚ್ಚೆತ್ತುಕೊಂಡುವು. ೧೯೦೬ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೇ ಮೊದಲಾದುವು ನಗರಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ನಡೆಸಿದುವು. ೧೯೧೮ರಲ್ಲಿ ನೇಮಕವಾಗಿ ೧೯೧೯ರಲ್ಲಿ ವರದಿಯನ್ನೊಪ್ಪಿಸಿದ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗದವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ದೊರೆಯತಕ್ಕ ಸ್ಥಾನವನ್ನು ವಿಚಾರಿಸಿತು. ಉದ್ಯೋಗದ ಪ್ರಶ್ನೆಯು ಹೀಗೆ ರಾಜಕಾರಣದ ಮುಂಬಾಗಿಲಿಗೆ ಬಂದಾಗ, ಅದಕ್ಕಿಂತ ಮೊದಲಿನದಾದ ಊಟದ ಪ್ರಶ್ನೆಗೆ ತುಮಕೂರಿನ ಹತ್ತಿರದ ಬೆಟ್ಟದ ತಪ್ಪಲಿನಲ್ಲಿ ಸದ್ದಿಲ್ಲದೆ ಉತ್ತರವು ಸಿದ್ಧವಾಗುತ್ತಿತ್ತು.

ಸಿದ್ಧಗಂಗೆಯಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದುದು ೧೯೧೭ರಲ್ಲಿ. ಇಲ್ಲಿ ಪಾಠಶಾಲೆಯ ಕ್ರಮವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಸಂಸ್ಕೃತಾಭ್ಯಾಸಕ್ಕೆ ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ತು ಎಂಬ ಘಟ್ಟಗಳುಂಟು. ಶಬ್ದ ಧಾತುಗಳನ್ನೂ ಅಮರವನ್ನೂ ಕಲಿತು ಪ್ರಥಮೆಯನ್ನು ದಾಟಿದವನು ಕಾವ್ಯ ಸಾಹಿತ್ಯಗಳಲ್ಲಿ ಗ್ರಂಥಗಳನ್ನು ತಾನೇ ಓದುವ ಶಕ್ತಿಯನ್ನು ಸಂಪಾದಿಸುತ್ತಾನೆ. ಶಾಸ್ತ್ರಪ್ರವೇಶವು ಆಮೇಲಿನ ಮಾತು. ಎಂದರೆ ಇಂಗ್ಲಿಷು ಕ್ರಮದಲ್ಲಿ ಮಿಡ್ಲ್ ಸ್ಕೂಲು ಮಾಡುವ ಕೆಲಸವನ್ನು ನಮ್ಮ ಕ್ರಮದಲ್ಲಿ ಕಾವ್ಯ ಸಾಹಿತ್ಯ ತರಗತಿಗಳು ಮಾಡುತ್ತವೆ. ಎರಡರಲ್ಲಿಯೂ ಹುಡುಗನು ಹೇಳಿಸಿಕೊಳ್ಳುವವನಾಗಿದ್ದು ಓದುವವನಾಗುತ್ತಾನೆ. ವ್ಯತ್ಯಾಸವಿರುವುದು ಒಂದೇ ಎಡೆಯಲ್ಲಿ: ಪಾಠಶಾಲೆಯನ್ನು ಸ್ಥಾಪಿಸುವವನು ಮೊದಲು ಅಡುಗೆಯ ಮನೆಯನ್ನು ಯೋಚಿಸುತ್ತಾನೆ. ವಿದ್ಯಾರ್ಥಿಯು ಅಲ್ಲಿಯೇ ಇದ್ದು ಉಣ್ಣದೆ ಪಾಠಶಾಲೆಯಿಲ್ಲವೆಂಬುದು ನಮ್ಮಲ್ಲಿ ತರ್ಕಕ್ಕೆ ಒಳಗಾಗದ ಸಂಗತಿ. ಇಂಗ್ಲಿಷು ಶಾಲೆಯನ್ನು ಸ್ಥಾಪಿಸಿದವನು ಬೆಂಚು, ನಕ್ಷೆ, ಗಂಟೆಗಳನ್ನು ಯೋಚಿಸಿದನು.

ಸಿದ್ಧಗಂಗೆಯಲ್ಲಿ ನಡೆದ ವಿಶೇಷವು ಇದು: ಪಾಠಶಾಲೆಗೆ ಸಹಜವಾದ ಅನ್ನವಸತಿಯ ನಿಯಮವನ್ನು ಇಂಗ್ಲಿಷು ಕನ್ನಡ ಶಾಲೆಗಳ ವಿದ್ಯಾರ್ಥಿಗೂ ವಿಸ್ತರಿಸಿದರು, ಪಂಕ್ತಿಯ ಕಟ್ಟನ್ನು ಬಿಚ್ಚಿದರು. ೧೯೪೧ರಲ್ಲಿ ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾಗಲು ಮಠದ ಭಾರವು ಶಿವಕುಮಾರ ಸ್ವಾಮಿಗಳಿಗೆ ಬಂದಿತು. ಯಾವ ಜಾತಿಯವನೆಂಬುದನ್ನಾಗಲಿ ಯಾವ ಮತದವನೆಂಬುದನ್ನಾಗಲಿ ಪ್ರವೇಶಕ್ಕೆ ಅಡ್ಡಿಮಾಡದೆ, ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವೆಂಬ ಹೆಸರಿನಲ್ಲಿ ಬಾಲಕರನ್ನು ಇರಿಸಿಕೊಂಡು ಓದಿಸುವ ಕಾರ್ಯವು ಅವರ ಕಾಲದಲ್ಲಿ ಎಂಟು ಸಾವಿರಕ್ಕೆ ಕಡಮೆಯಿಲ್ಲದ ವಿದ್ಯಾರ್ಥಿಗಳವರೆಗೆ ಬೆಳೆಯಿತು. ಸುತ್ತಣ ಒಕ್ಕಲಿಗರು ಸುಗ್ಗಿಯಲ್ಲಿ ರಾಗಿಯನ್ನೂ ಕಾಳನ್ನೂ ಮಠಕ್ಕೆ ಅರ್ಪಿಸಿದರು. ಊರು ವಿದ್ಯಾರ್ಥಿಗೆ ಅನ್ನವಿಕ್ಕುವ ವಾರಾನ್ನದ ತತ್ತ್ವವೇ ಇದು. ಏಳು ಮನೆಗಳ ಬದಲು ಏಳು ತಾಲ್ಲೂಕುಗಳು, ಒಂದು ಪಂಕ್ತಿಯ ಬದಲು ಎಲ್ಲರ ಪಂಕ್ತಿ. ಹುಡುಗನು ದಿನಕ್ಕೊಂದು ಬಾಗಿಲಿನಲ್ಲಿ ನಿಂತು ಕಾಯುವ ದೈನ್ಯವೂ ತಪ್ಪಿತು. ಪಾಶ್ಚಾತ್ಯ ವಿದ್ಯೆಯೂ ಪ್ರಾಚೀನ ವಿದ್ಯೆಯೂ ಒಂದನ್ನೊಂದು ನುಂಗಿದುವೆಂದು ಬರೆಯುವವರು ಈ ಸಂದರ್ಭವನ್ನು ಪರಿಶೀಲಿಸಲಿ. ಇಲ್ಲಿ ಒಂದರ ಪಾಠಕ್ರಮಕ್ಕೆ ಇನ್ನೊಂದರ ಅಡುಗೆಮನೆಯು ನೆರವಾಯಿತು.

ಗುಬ್ಬಿಯಲ್ಲಿ ಇದೇ ತತ್ತ್ವವು ಯಾರೂ ನಿರೀಕ್ಷಿಸದ ಕಡೆಯಲ್ಲಿ ಕೆಲಸಮಾಡಿತು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಶಾಲೆಯೆಂದರೆ ಪಂಡಿತರು ಹುಬ್ಬೇರಿಸಬಹುದು. ಆದರೆ ಚಿಕ್ಕ ಹುಡುಗರು ಅದರಲ್ಲಿ ಸೇರಿ, ಕಂಪನಿಯ ಅನ್ನವನ್ನು ಉಂಡು, ಮಾತನ್ನು ಸ್ಪಷ್ಟವಾಗಿ ಉಚ್ಚರಿಸಲು, ಕಂದವನ್ನೂ ವೃತ್ತವನ್ನೂ ರಾಗವಾಗಿ ಹಾಡಲು ಕಲಿತರು. ವೀರಣ್ಣನವರೇ ಆರನೆಯ ವಯಸ್ಸಿನ ಸುಮಾರಿಗೆ ಅಲ್ಲಿಗೆ ಬಂದವರು. ಮನೆಯನ್ನು ಬಿಟ್ಟು ಕಂಪನಿಗೆ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಹಿಂದಿಯಲ್ಲಿ ಎಂ. ಎ. ಓದಿಸಿದರು. ನಾಟಕದ ಕಂಪನಿಯೊಂದು ವಿದ್ಯಾರ್ಥಿಯ ಯೋಗಕ್ಷೇಮವನ್ನು ಹೊತ್ತುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಕನ್ನಡದಲ್ಲಿ ಇರಲಾರದು.

ಹೆಣ್ಣುಮಕ್ಕಳ ವಿಚಾರದಲ್ಲಿ ಇಷ್ಟು ಸಂತೋಷಪಡಲು ಕಾರಣವಿಲ್ಲ. ತುಮಕೂರಿನ ಎಂಪ್ರೆಸ್ ಬಾಲಿಕಾ ಶಾಲೆಯ ಹೆಸರು ಬ್ರಿಟಿಷ್ ಚಕ್ರಾಧಿಪತ್ಯದ ಕಾಲವನ್ನು ಇಂದಿಗೂ ನೆನಪಿಗೆ ತರುತ್ತದೆ. ಪಟ್ಟಣದ ಅನೇಕ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಓದಿದರು. ಆದರೆ ನಾನು ಮೇಲೆ ವಿವರಿಸಿದ ವಾರಾನ್ನ, ಮಠದ ದಾಸೋಹ, ಸಮುದಾಯದ ವಿದ್ಯಾರ್ಥಿನಿಲಯ ಇವೆಲ್ಲ ಬಹುಕಾಲ ಗಂಡುಹುಡುಗರಿಗೆ ಏರ್ಪಟ್ಟುವು. ಕುಣಿಗಲು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ನಾಲ್ಕನೆಯ ತರಗತಿಯನ್ನು ಮುಗಿಸಿದ ಮೇಲೆ ಎಲ್ಲಿಗೆ ಹೋಗಬೇಕಾಗಿತ್ತು? ನೆಂಟರ ಮನೆಯಲ್ಲಿ ಇರಿಸಲು ತಂದೆತಾಯಿಗಳು ಅಂಜಿದರು. ನಡೆದು ಹೋಗಿ ಬರಲು ದೂರವು ಅಡ್ಡಬಂದಿತು. ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡಲು ತೊಡಗಿದುದು ೨೦೦೬ರಲ್ಲಿ. ಅಗ್ಗದ ಜನಪ್ರಿಯತೆಗಾಗಿ ಮಾಡಿದುದೆಂದು ಹಲವರು ಆಗ ನಕ್ಕರು. ನಾಲ್ಕು ಮೈಲಿಯ ದಾರಿಯು ಎಷ್ಟು ಹುಡುಗಿಯರ ಓದನ್ನು ನಿಲ್ಲಿಸಿತೆಂಬುದನ್ನು ಬಲ್ಲವರು ನಗಲಿಲ್ಲ.

೨೦೦೨ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿಯೂ ಅನಂತರ ಉಳಿದ ಜಿಲ್ಲೆಗಳಲ್ಲಿಯೂ ಶಾಲೆಯ ಮಧ್ಯಾಹ್ನದ ಊಟವು ಆರಂಭವಾದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ಮೊದಲು ಕೆಳಗಿನ ತರಗತಿಗಳಿಗೆ ಸೀಮಿತವಾಗಿದ್ದ ಊಟವು ಕ್ರಮೇಣ ಹತ್ತನೆಯ ತರಗತಿಯವರೆಗೆ ಮುಟ್ಟಿತು. ಹಿಂದೆ ಮಿಡ್ಲ್ ಸ್ಕೂಲಾಗಿದ್ದ ತರಗತಿಗಳೆಲ್ಲ ಅದರೊಳಗೆ ಬಂದುವು. ಸರ್ಕಾರವು ೧೮೬೮ರಲ್ಲಿ ಯೋಚಿಸದಿದ್ದುದನ್ನು ಹೀಗೆ ಯೋಚಿಸಿ, ಹೆಸರಿಗಾಗಿ ಮಠಗಳ ಪರಿಭಾಷೆಯನ್ನೇ ಆಶ್ರಯಿಸಿತು.

ಕೆಲವರು ಆಕ್ಷೇಪಿಸಬಹುದು: ಅನ್ನದ ಲೆಕ್ಕವು ಮಠದ ಕಣಜದ ಚರಿತ್ರೆಯಾದೀತು, ಶಾಲೆಯ ಚರಿತ್ರೆಯಾಗಲಾರದು, ಉಂಡವರೆಲ್ಲರೂ ಕಲಿತರೇ ಎಂದು. ಕಲಿತರೆಂದು ನಾನು ಹೇಳುತ್ತಿಲ್ಲ. ಉಣ್ಣಲು ಎಡೆಯಿಲ್ಲದವರು ಕಲಿಯುವ ಅವಕಾಶಕ್ಕೇ ಬರಲಿಲ್ಲವೆಂಬುದು ನನ್ನ ವಾದ. ಈ ವಾದವನ್ನು ಪರೀಕ್ಷಿಸಲು ಸಾಮಗ್ರಿಯು ಎಲ್ಲೋ ದೂರದ ದಫ್ತರದಲ್ಲಿಲ್ಲ. ಹಳೆಯ ಮಾಧ್ಯಮಿಕ ಶಾಲೆಗಳಿದ್ದ ಕಟ್ಟಡಗಳಲ್ಲಿ, ಈಗಿನ ಹಿರಿಯ ಪ್ರಾಥಮಿಕ ಶಾಲೆಗಳ ಬೀರುಗಳಲ್ಲಿ, ದಾಖಲಾತಿಯ ರಿಜಿಸ್ಟರುಗಳಿರುತ್ತವೆ. ಹುಡುಗನ ಹೆಸರು, ಪೋಷಕನ ಹೆಸರು, ಊರು, ಜಾತಿ, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟುದಕ್ಕೆ ಕಾರಣ, ಇಷ್ಟೂ ಅಂಕಣಗಳು ಅದರಲ್ಲುಂಟು. ತಪಾಸಣೆಯ ಅಧಿಕಾರಿಗಳು ಬರೆದ ಷರಾ ಪುಸ್ತಕಗಳೂ ಕೆಲವೆಡೆ ಇರಬಹುದು. ಇವನ್ನು ಗೆದ್ದಲು ತಿನ್ನುತ್ತಿದೆ. ಸುಣ್ಣಬಳಿಯುವಾಗ ರದ್ದಿಗೆ ಹಾಕುವುದೂ ಉಂಟು. ತಾಳೆಯ ಗರಿಗಳ ಒಂದು ಕಟ್ಟು ಸಿಕ್ಕಿದರೆ ಓಡಿಹೋಗುವ ನಾವು, ನೂರು ವರುಷದ ಈ ಕಾಗದಗಳನ್ನು ಹಳೆಯದೆಂದು ತಿಳಿಯದಿರುವುದು ವಿಚಿತ್ರ.

ಗುಬ್ಬಿ, ಕುಣಿಗಲು, ತುಮಕೂರು ತಾಲ್ಲೂಕುಗಳಲ್ಲಿ ಕೆಲಸಮಾಡುತ್ತಿರುವ ಉಪಾಧ್ಯಾಯರು ತಮ್ಮ ಶಾಲೆಯ ರಿಜಿಸ್ಟರಿನ ಪ್ರತಿಯನ್ನು ತೆಗೆಯುವುದಾದರೆ ಮೂರು ಅಂಕಣಗಳನ್ನು ಬಿಡದೆ ಬರೆದುಕೊಳ್ಳಬೇಕು: ಹುಡುಗನ ಸ್ವಂತ ಊರು, ಪೋಷಕನಿಗೂ ಅವನಿಗೂ ಇರುವ ಸಂಬಂಧ, ಶಾಲೆಯನ್ನು ಬಿಟ್ಟ ಕಾರಣ. ಪೋಷಕನು ತಂದೆಯಾಗಿರದೆ ಸೋದರಮಾವನೋ ಭಾವನೋ ಆಗಿದ್ದರೆ ಹುಡುಗನು ನೆಂಟರ ಮನೆಯಲ್ಲಿದ್ದನೆಂದು ಗ್ರಹಿಸಬಹುದು. ಮಠದ ಅಥವಾ ವಿದ್ಯಾರ್ಥಿನಿಲಯದ ಹೆಸರಿದ್ದರೆ ಅದನ್ನು ಬೇರೆಯಾಗಿ ಗುರುತಿಸಬೇಕು. ಊರಿಗೂ ಶಾಲೆಗೂ ಇರುವ ದೂರವನ್ನು ನಕ್ಷೆಯಿಂದ ಅಳೆದು ಪಕ್ಕದಲ್ಲಿ ಬರೆಯಬೇಕು. ವಿದ್ಯಾರ್ಥಿಗಳ ಹೆಸರುಗಳನ್ನು ಅಚ್ಚಿನಲ್ಲಿ ಕೊಡುವ ಅಗತ್ಯವಿಲ್ಲ, ಸಂಖ್ಯೆಗಳು ಸಾಕು. ನಾಗವಲ್ಲಿಯಂಥ ಶಾಲೆಯೊಂದರ ಹತ್ತು ವರ್ಷಗಳ ಪಟ್ಟಿಯು ಹೀಗೆ ಸಿದ್ಧವಾದರೂ, ಐದು ಮೈಲಿಗಿಂತ ದೂರದಿಂದ ಬಂದ ಮಕ್ಕಳಲ್ಲಿ ನಾಲ್ಕನೆಯ ವರ್ಷವನ್ನು ಮುಗಿಸಿದವರು ಯಾರ ಮನೆಯ ಅನ್ನವನ್ನು ಉಂಡವರೆಂಬುದು ಗೊತ್ತಾದೀತು.